ಒಂದನೇ ಇಯತ್ತೆಗೆ ಕಿವುಡಾದ ದಿನಗಳು

ಶಾಲೆ ಶುರುವಾಗುವ ಹಿಂದಿನ ದಿನ ಮುಖ್ಯಾಧ್ಯಾಪಕಿ ನನ್ನನ್ನು ಕೋಣೆಗೆ ಕರೆದು, ಚಹಾ ತರಿಸಿ, ಬಿಸ್ಕಿಟಿನ ತಾಟನ್ನು ನನ್ನ ಕಡೆ ಸರಿಸಿದರು. ನಮ್ಮಲ್ಲಿ ಬರೀ ಚಹಾ ಬಂದರೆ ಸುದ್ದಿ ಸಾಧಾರಣ. ಬಿಸ್ಕಿಟೂ ಬಂದರೆ ಎದ್ದು ಓಡಬೇಕು. ನಾನು ಓಡಲಿಲ್ಲ, ಎರಡು ತಿಂದೆ.

"ಸರ್, ಈ ವರ್ಷ ಒಂದನೇ ಇಯತ್ತೆ ನೀವು ನೋಡಬೇಕ್ರಿ. ಆ ಟೀಚರು ಹೆರಿಗಿ ರಜಾದ ಮ್ಯಾಲೆ ಹೊಂಟಾರ."

"ನಾ ಎಂಟು, ಒಂಬತ್ತಕ್ಕ ಬೀಜಗಣಿತ ಹೇಳಾಂವ್ರಿ ಮೇಡಂ."

"ಏನೂ ಫರಕಿಲ್ಲ ಬಿಡ್ರಿ. ಆ ಹುಡುಗ್ರಿಗೆ ಎಲ್ಲಾ ಅಕ್ಷರಾನೂ ನಿಮ್ಮ ಎಕ್ಸ್, ವೈ ಇದ್ದಂಗ. ಬೆಲೆ ಗೊತ್ತಿಲ್ಲ. ನೀವ ಕಂಡುಹಿಡದು ಕೊಡ್ರಿ."

ಅವರು ಈ ಕುರ್ಚಿಗೆ ಬರುವ ಮುಂಚೆ ಬಹಳ ವರ್ಷ ಒಂದನೇ ಇಯತ್ತೆಯನ್ನೇ ಕಲಿಸಿದವರು. ಅವರಿಗೆ ಆ ಮಾತು ಹಗುರ. ನನಗೆ ಅಲ್ಲಿಂದಲೇ ಶುರುವಾಯಿತು. ಯಾವುದಾದರೂ ಮಗು ಬಳಪ ನುಂಗಿದರೆ? ಮೊಣಕಾಲೆತ್ತರದ ಆ ಬೆಂಚಿನ ಮೇಲೆ ನಾನು ಕೂತು ಅದು ಮುರಿದರೆ? ಅತ್ತರೆ ಯಾರ ಮೂಗು ಯಾರು ಒರೆಸಬೇಕು? ಚಿಂತೆ ಮಾಡುವುದು ನಮ್ಮ ಮನೆತನದ ವಿದ್ಯೆ. ಯಾರೂ ಕಲಿಸದೆ ನನಗೆ ಪೂರ್ತಿಯಾಗಿ ಬಂದಿರುವುದು ಅದೊಂದೇ.

ಪುಣೆಯಲ್ಲಿ ಕನ್ನಡ ಮಾಧ್ಯಮದ ಒಂದನೇ ಇಯತ್ತೆಗೆ ಬರುವ ಮಕ್ಕಳಿಗೆ ಮಾತಿಗೆ ಬರವಿಲ್ಲ. ಮನೆಯಲ್ಲಿ ವಿಜಯಪುರದ್ದೋ ಕಲಬುರಗಿಯದ್ದೋ ಬೆಳಗಾವಿಯದ್ದೋ ಕನ್ನಡ, ಗಲ್ಲಿಯಲ್ಲಿ ಮರಾಠಿ, ಜಗಳಕ್ಕೆ ಹಿಂದಿ. ಅಷ್ಟು ಮಾತು ಹೊತ್ತುಕೊಂಡು ಬಂದವರ ಕೈಗೆ ಒಂದು ಪಾಟಿ, ಒಂದು ಬಳಪ ಕೊಟ್ಟು, "ಸುಮ್ಮನ ಕೂತು ಬರೀರಿ" ಅನ್ನುವುದು ನನ್ನ ಕೆಲಸ.

ಮೊದಲು ಅಕ್ಷರ ಅಲ್ಲ, ಗೆರೆ. ನಿಂತ ಗೆರೆ, ಮಲಗಿದ ಗೆರೆ, ಅರ್ಧ ಬಳೆ, ಪೂರ್ತಿ ಬಳೆ. ನಮ್ಮ ಲಿಪಿಯಲ್ಲಿ ಬಳೆ ತಿರುಗಿಸಲು ಬಂದರೆ ಅರ್ಧ ಕೆಲಸ ಆದ ಹಾಗೆ ಎಂದು ಮುಖ್ಯಾಧ್ಯಾಪಕಿ ಹೇಳಿಕೊಟ್ಟಿದ್ದರು. ಆಮೇಲೆ ಅ ಆ ಇ ಈ ಎಂದು ವರ್ಣಮಾಲೆಯ ಸಾಲಿಗೆ ಹೋಗದೆ, ಕೈಗೆ ಸುಲಭವಾದ ರ, ಗ, ಸ, ದ. ಅವನ್ನು ಕೂಡಿಸಿದರೆ ರಸ, ಸರ, ಗರಗಸ. ಇದೆಲ್ಲ ಕೇಳಿದಾಗ ಬೀಜಗಣಿತಕ್ಕಿಂತ ಕ್ರಮಬದ್ಧವಾಗಿದೆ ಅನಿಸಿ ನನಗೆ ಧೈರ್ಯ ಬಂತು. ನನಗೆ ಧೈರ್ಯ ಬಂದಾಗಲೆಲ್ಲ ಏನೋ ಒಂದು ಆಗುತ್ತದೆ.

ಪಾಟಿಗೆ ಹೋಗುವ ಮುಂಚೆ ಗಾಳಿಯಲ್ಲಿ ಬರೆಸಬೇಕಿತ್ತು. ನಾನು ಮಕ್ಕಳ ಎದುರಿಗೆ ನಿಂತು ಬೆರಳೆತ್ತಿ, ದೊಡ್ಡದಾಗಿ ಗಾಳಿಯಲ್ಲಿ ರ ಬರೆದೆ. ಮಕ್ಕಳೂ ಬರೆದರು. ಒಂದು ವಾರ ಬರೆದೆವು. ನೋಡಿದವರಿಗೆ ಇದೇನು ಸೊಳ್ಳೆ ಹೊಡೆಯುವ ತರಬೇತಿಯೋ ಅನಿಸಿರಬೇಕು. ಆಮೇಲೆ ಪಾಟಿ ಕೊಟ್ಟೆ. ಇಡೀ ವರ್ಗ ರ ಅಕ್ಷರವನ್ನು ಉಲ್ಟಾ ಬರೆದಿತ್ತು. ತಲಕಟ್ಟು ಬಲಗಡೆ ಇರಬೇಕಾದದ್ದು ಎಡಕ್ಕೆ, ಗಾಳಿಗೆ ಹಾರಿದ ಟೊಪ್ಪಿಗೆಯ ಹಾಗೆ. ಒಬ್ಬರೂ ತಪ್ಪಿರಲಿಲ್ಲ, ಎಲ್ಲರೂ ಒಂದೇ ಸಮ.

ನಾನು ಒಂದೊಂದೇ ಪಾಟಿ ಎತ್ತಿ ನೋಡುತ್ತ, ಇವರಿಗೆಲ್ಲ ಒಟ್ಟಿಗೇ ಏನಾದರೂ ಕಾಯಿಲೆಯೋ ಎಂದು ಚಿಂತಿಸುತ್ತಿದ್ದಾಗ ಮುಖ್ಯಾಧ್ಯಾಪಕಿ ಬಾಗಿಲಲ್ಲಿ ನಿಂತಿದ್ದರು.

"ಸರ್, ನೀವು ಅವರ ಕಡೆ ಮಾರಿ ಮಾಡಿ ಬರದ್ರ್ಯಾ?"

"ಹೌದ್ರಿ."

"ಅವ್ರು ಕಂಡದ್ದನ್ನ ಬರದಾರ. ಕನ್ನಡಿ ಮುಂದ ನಿಂತಂಗ. ಗಾಳ್ಯಾಗ ಬರಸೂಮುಂದ ಹುಡುಗ್ರಿಗೆ ಬೆನ್ನು ತೋರಸಬೇಕ್ರಿ."

ಎಂಟನೇ ಇಯತ್ತೆಯಲ್ಲಿ ಬೆನ್ನು ತೋರಿಸಿದರೆ ಚಾಕ್‌ಪೀಸ್ ಬಂದು ಬೀಳುತ್ತಿತ್ತು. ಆ ಅಭ್ಯಾಸದಲ್ಲಿ ಗೋಡೆಗೆ ಬೆನ್ನು ಹಚ್ಚಿ ಕಲಿಸಿದವನು ನಾನು. ಈಗ ತಿರುಗಿ ನಿಂತು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಗಾಳಿಯನ್ನು ನಂಬಿ ಕೆಟ್ಟಿದ್ದರಿಂದ ಆಮೇಲೆ ಬೋರ್ಡನ್ನು ನಂಬಿದೆ. ನನ್ನ ಕೈಬರಹ ಚೆನ್ನಾಗಿದೆ. ನನ್ನ ಬಗ್ಗೆ ಜನ ಚಿಂತೆಯಿಲ್ಲದೆ ಹೇಳುವ ಒಂದೇ ಒಳ್ಳೆಯ ಮಾತು ಅದು. ಬೋರ್ಡಿನ ಮೇಲೆ ಮುತ್ತಿನ ಹಾಗೆ ಬರೆದೆ, ಮಕ್ಕಳು ನೋಡಿ ಬರೆದರು. ದಿನಾ ಬರೆದರು. ಪಾಟಿಯಿಂದ ನೋಟ್‌ಬುಕ್ಕಿಗೆ ಬಂದರು. ಒಬ್ಬ ಮಾತ್ರ ಮೇಲೆ ಒಂದು ಉದ್ದ ಗೆರೆ ಎಳೆದು ಕನ್ನಡ ಅಕ್ಷರಗಳನ್ನು ಅದಕ್ಕೆ ನೇತುಹಾಕುತ್ತಿದ್ದ, ಒಣಹಾಕಿದ ಬಟ್ಟೆಯಂತೆ. ಅವನ ಗಲ್ಲಿಯ ಮರಾಠಿ ಅಂಗಡಿ ಬೋರ್ಡುಗಳೆಲ್ಲ ಹಾಗೇ ತಾನೆ. ಅವನನ್ನು ಬಿಟ್ಟರೆ ನೋಟ್‌ಬುಕ್ಕುಗಳು ನೋಡಲು ಹಬ್ಬ. ಆಡಳಿತ ಮಂಡಳಿಯ ಹಿರಿಯರೊಬ್ಬರು ಬಂದು ನೋಡಿ, "ವಾ ಮಾಸ್ತರ, ಛಾಪಿಸಿದಂಗ ಅದ" ಅಂದರು.

ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದವಳು ಕಿಟಕಿ ಪಕ್ಕದ ಹುಡುಗಿ. ತಂದೆ ಮಾರ್ಕೆಟ್ ಯಾರ್ಡಿನ ಒಂದು ಉಳ್ಳಾಗಡ್ಡಿ ಅಂಗಡಿಯಲ್ಲಿ ದಿವಾಣಜಿ, ಅಂದರೆ ಲೆಕ್ಕ ಬರೆಯುವವರು. ಮಗಳನ್ನು ಇಲ್ಲಿಗೆ ಸೇರಿಸುವಾಗಲೇ ಅವರು ಸಂಕೋಚವಿಲ್ಲದೆ ಹೇಳಿದ್ದರು: "ನಮ್ಮ ಅವ್ವನ ಹಟಾರಿ ಸರ್. ಮೊಮ್ಮಗಳು ಕನ್ನಡ ಬರೀಬೇಕಂತ. ನನಗ ಮನಸಿಲ್ಲ. ಮನಿ ಹತ್ರ ಇಂಗ್ಲಿಷ್ ಸಾಲ್ಯಾಗ ಜಾಗಾ ಕೊಡ್ತೀನಂದಾರ. ದೀಪಾವಳಿ ಸೂಟಿ ತನಕ ನೋಡ್ತೀನಿ. ಬರದ್ಲಂದ್ರ ಇಲ್ಲೇ. ಇಲ್ಲಂದ್ರ ಅಲ್ಲಿ." ಈಗ ಮಗಳ ನೋಟ್‌ಬುಕ್ ನೋಡಿ ಅವರು ಸುಮ್ಮನಾಗಿದ್ದರು. ನಾನೂ ನೆಮ್ಮದಿಯಾಗಿದ್ದೆ. ನೆಮ್ಮದಿ ನನಗೆ ಒಗ್ಗುವುದಿಲ್ಲ.

ಒಂದು ಮಧ್ಯಾಹ್ನ ನೋಟ್‌ಬುಕ್ ತಿದ್ದುತ್ತಿದ್ದೆ. ಮೊದಲನೆಯದರಲ್ಲಿ ಗರಗಸ, ಅರಸ, ಅಗಸ ಎಲ್ಲ ಸರಿ. ಕೊನೆಯಲ್ಲಿ ಒಂದು ಚೌಕಟ್ಟು, ಅದರೊಳಗೆ "ಅಳಿಸಬೇಡಿ". ಎರಡನೆಯದರಲ್ಲೂ ಅಳಿಸಬೇಡಿ. ಮೂರನೆಯದರಲ್ಲೂ. ಸಂಜೆ ಕಸ ಗುಡಿಸಲು ಬರುವ ಹೆಂಗಸು ಬೋರ್ಡು ಒರೆಸಿಬಿಡುತ್ತಾಳೆ ಎಂದು ಮೂಲೆಯಲ್ಲಿ ನಾನೇ ಬರೆದದ್ದು ಅದು. ಇಡೀ ವರ್ಗ ಅದನ್ನು ಮುತ್ತಿನ ಹಾಗೆ ಬರೆದುಕೊಂಡಿತ್ತು. ಕಿಟಕಿಯ ಹುಡುಗಿಯ ಪುಟದಲ್ಲಿ ಇನ್ನೂ ಒಂದು ಹೆಚ್ಚು: ಮೇಲಿನಿಂದ ಓರೆಯಾಗಿ ಇಳಿದು, ನಡುವೆ ಎರಡು ಕವಲಾದ ಒಂದು ಸಣ್ಣ ಗೆರೆ.

"ಇದೇನವ್ವ?"

ಅವಳು ಬೋರ್ಡು ತೋರಿಸಿದಳು. ಬೋರ್ಡಿನಲ್ಲಿ ಬಿರುಕು ಬಿಟ್ಟಿತ್ತು. ಒಂದು ಕವಲೂ ತಪ್ಪದೆ ಇಳಿಸಿದ್ದಳು.

ನಾನು ಗರಗಸದ ಮೇಲೆ ಬೆರಳಿಟ್ಟು, "ಇದನ್ನ ಓದು" ಅಂದೆ.

"ಅದು ಎರಡನೇದು," ಅಂದಳು.

ನನ್ನ ಮಕ್ಕಳು ಬರೆಯುತ್ತಿರಲಿಲ್ಲ. ಚಿತ್ರ ತೆಗೆಯುತ್ತಿದ್ದರು. ನಾನು ತಿಂಗಳುಗಟ್ಟಲೆ ಕೂತು ಅದಕ್ಕೆ ಕೆಂಪು ಶಾಯಿಯಲ್ಲಿ "ಚೆನ್ನಾಗಿದೆ" ಎಂದು ಬರೆದಿದ್ದೆ.

ಅದೇ ವಾರ ದಿವಾಣಜಿಯವರಿಗೂ ಗೊತ್ತಾಯಿತು. ಮನೆಗೆ ಬಂದ ನೆಂಟರ ಮುಂದೆ ಮಗಳಿಗೆ ಪಾಟಿ ಕೊಟ್ಟು, "ಸರ ಅಂತ ಬರೀ" ಅಂದರಂತೆ. ಅವಳು ಅತ್ತಿತ್ತ ನೋಡಿ, "ಬೋರ್ಡ್ ಎಲ್ಲದ?" ಅಂದಳಂತೆ. ಮರುದಿನ ಶಾಲೆ ಬಿಡುವ ಹೊತ್ತಿಗೆ ಬಂದ ಅವರು ಸಿಟ್ಟಾಗಲಿಲ್ಲ, ಅದು ಇನ್ನೂ ಕಷ್ಟ. "ಮನ್ಯಾಗ ನಾ ಬೋರ್ಡ್ ಎಲ್ಲಿಂದ ತರ್ಲ್ರಿ ಸರ್?" ಎಂದು ಕೇಳಿ ಹೋದರು. ಮಗಳು ಅವರ ಬೆರಳು ಹಿಡಿದುಕೊಂಡು, ತಿರುಗಿ ತಿರುಗಿ ತನ್ನ ಕಿಟಕಿಯ ಕಡೆ ನೋಡುತ್ತ ಹೋದಳು.

ಬೋರ್ಡೇ ರೋಗವಾದರೆ ಬೋರ್ಡನ್ನೇ ಮುಚ್ಚೋಣ ಎಂದು ಮನೆಯಿಂದ ಹಳೆಯ ಸೊಲ್ಲಾಪುರದ ಚಾದರ ತಂದು ಮೊಳೆಗೆ ಸಿಕ್ಕಿಸಿದೆ. "ಇವತ್ತ ನಿಮಗ ಏನ್ ಬೇಕೋ ಅದನ್ನ ಬರೀರಿ," ಅಂದೆ. ಮಕ್ಕಳು ಎಂದೂ ಇಲ್ಲದಷ್ಟು ಶ್ರದ್ಧೆಯಿಂದ ತಲೆ ತಗ್ಗಿಸಿದರು. ನಾನು ಪುಳಕಗೊಂಡು ಹೋಗಿ ನೋಡಿದರೆ ಎಲ್ಲರೂ ಚಾದರದ ಅಂಚಿನ ಹೂಬಳ್ಳಿ ಇಳಿಸುತ್ತಿದ್ದರು. ಒಪ್ಪಿಕೊಳ್ಳಬೇಕು, ಬಳ್ಳಿ ಚೆನ್ನಾಗಿ ಬಂದಿತ್ತು.

ಕಿಟಕಿಯ ಹುಡುಗಿ ಮಾತ್ರ ಖಾಲಿ ಪಾಟಿ ಇಟ್ಟುಕೊಂಡು ಕೂತಿದ್ದಳು.

"ಬರಿಯವ್ವ."

"ಸರಿ ಬರಂಗಿಲ್ರಿ ನನಗ. ಸೊಟ್ಟ ಬರ್ತದ."

"ಬರ್ಲಿ."

"ಅಪ್ಪಗ ಸೊಟ್ಟ ಸೇರಂಗಿಲ್ಲ."

ಪುಣೆಯ ಮಳೆ ಆ ವರ್ಷ ಬಿಡುವೇ ಕೊಡಲಿಲ್ಲ. ತಗಡಿನ ಮೇಲೆ ಅದರ ಸಪ್ಪಳ, ಒಳಗೆ ಮಕ್ಕಳ ಸಪ್ಪಳ, ಎರಡರ ಮೇಲೆ ನನ್ನದು. ಒಂದು ದಿನ ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಡಾಕ್ಟರು ಟಾರ್ಚು ಹಿಡಿದು ನೋಡಿ, ಒಂದು ವಾರ ಪಿಸುಮಾತೂ ಕೂಡದು ಅಂದರು. ರಜೆ ಹಾಕಲು ನನಗೆ ಧೈರ್ಯವಾಗಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು. ಮುಖ್ಯಾಧ್ಯಾಪಕಿ, "ಬೆಳಿಗ್ಗಿ ಹಾಡು, ಕತಿ, ಲೆಕ್ಕ ನಾ ಹೇಳ್ತೀನಿ. ಬರಿಯೂ ಹೊತ್ತಿಗೆ ನೀವು ಸುಮ್ಮನ ಕೂಡ್ರಿ," ಎಂದು, ವರ್ಗಕ್ಕೆ ಬಂದು ಮಕ್ಕಳಿಗೆ, "ಸರ್‌ಗೆ ಈ ವಾರ ಮಾತಾಡಾಕ ಬರಂಗಿಲ್ಲ. ತ್ರಾಸ ಕೊಡಬ್ಯಾಡ್ರಿ," ಎಂದು ಹೇಳಿ ಹೋದರು.

ಮಕ್ಕಳು ಗುಂಪುಗೂಡಿದರು. ನಾನು ಒಂದು ಮಾರು ದೂರದಲ್ಲಿ ಕೂತಿದ್ದೆ. ಮುಂದಿನ ಹಲ್ಲು ಬಿದ್ದ ಹುಡುಗನೊಬ್ಬ ತಿಳಿದವನ ಹಾಗೆ ವಿವರಿಸಿದ: "ನಮ್ಮ ಗಲ್ಲ್ಯಾಗ ಇಸ್ತ್ರಿ ಕಾಕಾ ಇದ್ದಾನಲ್ಲ, ಅಂವಗೂ ಮಾತು ಬರಂಗಿಲ್ಲ. ಕಿವೀನೂ ಕೇಳಸಂಗಿಲ್ಲ. ಎರಡೂ ಕೂಡೇ ಹೋಗ್ತಾವ."

"ಹಂಗಾರ ಸರ್‌ಗೂ ಕೇಳಸಂಗಿಲ್ಲ?"

"ಇಲ್ಲ. ಬೇಕಾರ ನೋಡು." ಅವನು ನನ್ನ ಕಡೆ ತಿರುಗಿ, "ಸರ್, ನಿಮ್ಮ ಹೊಟ್ಟಿ ಗಡಿಗಿ," ಅಂದ.

ಮಾತಾಡಲು ಆಗದವನು ಏನು ಮಾಡಬೇಕು? ಸುಮ್ಮನೆ ಕೂತಿದ್ದೆ. ಪುರಾವೆ ಸಿಕ್ಕಿತು.

"ಮತ್ತ ನೀರಡಿಕಿ ಆದ್ರ ಹೆಂಗ ಕೇಳೂದು?"

"ಇಸ್ತ್ರಿ ಕಾಕಾಗ ನಮ್ಮವ್ವ ಚೀಟಿ ಮ್ಯಾಲೆ ಬರದು ತೋರಸ್ತಾಳ."

ಹೀಗೆ ಹೇಳಿದವನೇ ಪಾಟಿ ತೆಗೆದುಕೊಂಡು, ನಾಲಿಗೆಯ ತುದಿಯನ್ನು ಹಲ್ಲಿನ ಖಾಲಿ ಜಾಗದಲ್ಲಿ ಸಿಕ್ಕಿಸಿ, ಬಹಳ ಹೊತ್ತು ಏನೋ ಮಾಡಿ, ತಂದು ನನ್ನ ಮೂಗಿನ ಮುಂದೆ ಹಿಡಿದ. "ನರ" ಎಂದಿತ್ತು. ನಾನು ನೀರಿನ ಮಡಕೆಯ ಕಡೆ ಕೈ ಮಾಡಿದೆ. ಅವನು ಒಮ್ಮೆ ಮಡಕೆ ನೋಡಿದ, ಒಮ್ಮೆ ಪಾಟಿ ನೋಡಿದ. ಹೋಗಿ ಕುಡಿದು ಬಂದು ಉಳಿದವರಿಗೆ, "ನಡಿತದ," ಅಂದ. ಹೊಸ ನಾಣ್ಯ ಅಂಗಡಿಯಲ್ಲಿ ಚಲಾವಣೆಯಾದದ್ದನ್ನು ಕಂಡವನ ಧಾಟಿ.

ಅಲ್ಲಿಂದ ಎಲ್ಲರಿಗೂ ನೀರಡಿಕೆ. ನೀರಿನಿಂದ ಸಹಜವಾಗಿ ಒಂದಕ್ಕೆ. "ಒಂದಕ" ಬರೆಯಲು ಒ ಬೇಕಿತ್ತು. ಒ ನಾನು ಕಲಿಸಿರಲೇ ಇಲ್ಲ. ಗೋಡೆಯ ಮೇಲೆ ಜೂನಿನಿಂದ ಯಾರೂ ತಲೆಯೆತ್ತಿ ನೋಡದ ಅಕ್ಷರಪಟದ ಮುಂದೆ ಈಗ ಮಾರ್ಕೆಟ್ ಯಾರ್ಡಿನ ಬೆಳಗಿನ ಹರಾಜಿನಂತೆ ಜನ. "ಒಂಟೆ ಇರೂದು ಎಲ್ಲದ? ಅದ ಬೇಕು ನನಗ." "ಚಮಚದ್ದು ತೊಗೊ, ಅವಾ ಚಿವಟಿದಾ ಅಂತ ಬರೀಬೇಕು." ಕಾಲು ತಿರುಚಿಕೊಂಡು ನಿಂತೇ "ಒಂ" ಬರೆಯುವವರಿಗೆ ನಾನು ಅರ್ಧಕ್ಕೇ ಕೈ ಮಾಡಿ ಕಳಿಸುತ್ತಿದ್ದೆ, ಪೂರ್ತಿ ಬರೆಸಿ ಅನಾಹುತ ಮಾಡಿಕೊಳ್ಳುವಷ್ಟು ಶಿಸ್ತಿನ ಮನುಷ್ಯ ನಾನಲ್ಲ.

ಅಕ್ಷರಗಳು ನೋಡಲು ಭಯಂಕರವಾಗಿದ್ದವು. ಆದರೆ ಪ್ರತಿಯೊಂದನ್ನೂ ನಾನು ಓದುತ್ತಿದ್ದೆ, ಓದಿದ ಕೂಡಲೇ ಏನೋ ಒಂದು ಆಗುತ್ತಿತ್ತು.

ವಾರ ಮುಗಿದು ಗಂಟಲು ಸರಿಹೋಯಿತು. ಬೆಳಿಗ್ಗೆ ವರ್ಗದ ಬಾಗಿಲಲ್ಲಿ ನಿಂತು "ಮಕ್ಕಳೇ" ಅನ್ನಲು ಬಾಯಿ ತೆರೆದವನು ಹಾಗೇ ನಿಂತೆ. ಮೂರು ಮಕ್ಕಳು ನೆಲದ ಮೇಲೆ ಬೋರಲಾಗಿ ಮಲಗಿ, ನನಗಾಗಿ ಏನೋ ಬರೆಯುತ್ತಿದ್ದರು. ಬಾಯಿ ಮುಚ್ಚಿಕೊಂಡು ನೇರ ಮುಖ್ಯಾಧ್ಯಾಪಕಿಯ ಹತ್ತಿರ ಹೋದೆ.

"ಮೇಡಂ, ನಾ ದೀಪಾವಳಿ ಸೂಟಿ ತನಕ ಕಿವುಡನಾಗೇ ಇರ್ಲ್ಯಾ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸಿಕ್ಕಿಬಿದ್ರ?"

"ಅದ ಚಿಂತಿ ನನಗೂ."

"ನಿಮಗ ಯಾವುದು ಚಿಂತಿ ಇಲ್ಲ ಹೇಳ್ರಿ." ಕನ್ನಡಕ ಮತ್ತೆ ಏರಿಸಿದರು. "ಹೋಗ್ರಿ. ನೀವು ಏನೂ ಹೇಳಿಲ್ಲ, ನಾ ಏನೂ ಕೇಳಿಲ್ಲ."

ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು ಲಟ್ಟಣಿಗೆ ನಿಲ್ಲಿಸದೆ, "ಅದೇನು ಹೊಸಾದಲ್ಲ ಬಿಡ್ರಿ. ಮನ್ಯಾಗ ಲಗ್ನಾದಾಗಿಂದ ರೂಢಿ ಮಾಡೀರಿ," ಅಂದಳು.

ಕಿವುಡನಾಗಿರುವುದು ಬೀಜಗಣಿತಕ್ಕಿಂತ ಕಷ್ಟ. ಬೆನ್ನ ಹಿಂದೆ ಸ್ಟೀಲಿನ ಡಬ್ಬಿ ಬಿದ್ದರೆ ತಿರುಗಬಾರದು. ನನ್ನ ನಡಿಗೆಯನ್ನು ಅಣಕಿಸಿ ನಕ್ಕರೆ ನಗಬಾರದು. ಇದಕ್ಕೆಲ್ಲ ಜೊತೆಗೆ ಮಕ್ಕಳಿಗೆ ಸುಳ್ಳು ಹೇಳುತ್ತಿದ್ದೇನೆ ಎಂಬ ಚಿಂತೆ. ಬಾಯಿಬಿಟ್ಟು ಹೇಳಿಲ್ಲವಲ್ಲ ಎಂಬ ಸಮಾಧಾನ. ಅದು ಇನ್ನೂ ಕೆಟ್ಟ ಸುಳ್ಳಲ್ಲವೇ ಎಂಬ ಮರುಚಿಂತೆ.

ಎಲ್ಲರೂ ಬರೆಯುತ್ತಿದ್ದರು, ಕಿಟಕಿಯ ಹುಡುಗಿಯನ್ನು ಬಿಟ್ಟು. ಅವಳು ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಿದ್ದಳು. ಬೇಕಾದದ್ದನ್ನೆಲ್ಲ ಸನ್ನೆಯಲ್ಲಿ ತೋರಿಸುತ್ತಿದ್ದಳು, ಸನ್ನೆಯೂ ಅಚ್ಚುಕಟ್ಟು. ಬಾಟಲಿ ಖಾಲಿಯಾದರೂ ಸೊಟ್ಟ ಬರೆಯುವುದಕ್ಕಿಂತ ನೀರಡಿಸಿ ಕೂರುವುದೇ ಅವಳಿಗೆ ಸುಲಭವಾಗಿತ್ತು.

ಒಂದು ದಿನ ಅವಳ ತಂದೆ ವರ್ಗಕ್ಕೇ ಬಂದರು. ಕೈಯಲ್ಲಿ ಒಂದು ಸಣ್ಣ ಪೊಟ್ಟಣ. ನನ್ನ ಕಿವಿಯ ಹತ್ತಿರ ಬಾಗಿ, ಲಾರಿ ಕರೆಯುವ ದನಿಯಲ್ಲಿ, "ಸರ್, ಅವ್ವ ಜೇಜುರಿಗೆ ಹೋಗಿದ್ಲು. ನಿಮ್ಮ ಕಿವೀಗಿ ಭಂಡಾರ ಕೊಟ್ಟು ಕಳಿಸ್ಯಾಳ," ಅಂದರು. ಮೊಮ್ಮಗಳ ಮಾಸ್ತರನಿಗೆ ಕಿವಿ ಹೋಗಿದೆ ಎಂದು ಆ ಮುದುಕಿ ಖಂಡೋಬನಿಗೆ ಮೆಟ್ಟಿಲು ಹತ್ತಿ ಬೇಡಿಕೊಂಡಿದ್ದಳು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಮಕ್ಕಳೆಲ್ಲ ನೋಡುತ್ತಿದ್ದರು. ನಾನು ಎರಡೂ ಕಿವಿಗೆ ಅರಿಷಿಣದ ಪುಡಿ ಹಚ್ಚಿಕೊಂಡು ಕೈಮುಗಿದೆ. ಕಿವಿ ಆಗಲೂ ಸರಿಹೋಗಲಿಲ್ಲ.

ಕೂಗಿ ಪ್ರಯೋಜನವಿಲ್ಲವೆಂದು ಅವರು ನನ್ನ ಮೇಜಿನ ಮೇಲಿದ್ದ ಪಾಟಿ ತೆಗೆದುಕೊಂಡರು. ಲೆಕ್ಕದ ಕೈ, ಅಕ್ಷರ ಕಡೆದಿಟ್ಟ ಹಾಗಿತ್ತು: "ರಜೆಯ ನಂತರ ಮಗಳನ್ನು ಬೇರೆ ಶಾಲೆಗೆ ಸೇರಿಸುತ್ತೇನೆ. ಕ್ಷಮಿಸಿ." ನಾನು ಕೆಳಗೆ ಬರೆದೆ: "ಪಾಲಕರ ಸಭೆಯ ತನಕ ತಡೆಯಿರಿ." ಅವರು ಓದಿ, ತಲೆಯಾಡಿಸಿ, ಪಾಟಿ ಒರೆಸದೆ ಇಟ್ಟು ಹೋದರು.

ಹುಡುಗಿ ಬಂದು ಆ ಪಾಟಿಯ ಮುಂದೆ ನಿಂತಳು. ಅಷ್ಟು ಚೆಂದದ ಅಕ್ಷರ ಬೇಕಾದರೆ ಅವಳು ಹಾಗೇ ಇಳಿಸಬಲ್ಲಳು. "ಅಪ್ಪ ಏನು ಬರದಾನ?" ಎಂದು ಪಕ್ಕದವರನ್ನು ಕೇಳಿದಳು. ಅವರಿಗೆ ಒತ್ತಕ್ಷರ ಬರುತ್ತಿರಲಿಲ್ಲ. ನನ್ನನ್ನು ಕೇಳಲಿಲ್ಲ. ನಾನು ಕಿವುಡ.

ಹಲ್ಲಿ ಬಂದದ್ದು ಅದರ ಎರಡು ಮೂರು ದಿನ ಬಿಟ್ಟು. ಅಕ್ಷರಪಟದ ಹಿಂದೆ ಅದರ ಮನೆ. ಪಟವನ್ನು ಮಕ್ಕಳು ದಿನಾ ಎಳೆದಾಡಿ ಬೇಸತ್ತಿರಬೇಕು, ಹೊರಗೆ ಬಂದು ಸರಿಯಾಗಿ ನನ್ನ ತಲೆಯ ಮೇಲೆ ಗೋಡೆಗೆ ಅಂಟಿತ್ತಂತೆ. ನನಗೆ ಕಾಣುತ್ತಿರಲಿಲ್ಲ. ಕೇಳಿಸುತ್ತಿತ್ತು.

"ಸರ್, ಹಲ್ಲಿ."

"ಸರ್‌ಗೆ ಕೇಳಸಂಗಿಲ್ಲಲೇ."

"ಕೆಳಗ ಇಳ್ಯಾಕತ್ತದ."

ಹಲ್ಲಿ ಎಂದರೆ ನನಗೆ ಎಷ್ಟು ಭಯವೆಂದು ಹೇಳಿದರೆ ಓದುವವರಿಗೆ ಗೌರವ ಉಳಿಯುವುದಿಲ್ಲ. ಅದು ಮೈಯ ಯಾವ ಭಾಗಕ್ಕೆ ಬಿದ್ದರೆ ಏನು ಫಲ ಎಂಬ ಪಂಚಾಂಗದ ಪಟ್ಟಿ ನನಗೆ ಬಾಯಿಪಾಠ. ತಲೆಯ ವಿಷಯದಲ್ಲಿ ಪಂಚಾಂಗ ಉದಾರವಾಗಿಲ್ಲ. ಆದರೂ ಕುರ್ಚಿಯಿಂದ ಕದಲಲಿಲ್ಲ. ಒಂದು ಕದಲಿಕೆಗೆ ಇಷ್ಟು ದಿನದ ಕೆಲಸ ಹಾಳು. ಕಾಲರನ್ನಷ್ಟೇ ಮೆಲ್ಲಗೆ ಕುತ್ತಿಗೆಗೆ ಎತ್ತಿಕೊಂಡೆ.

ಆಗ ಕಿಟಕಿಯ ಕಡೆಯಿಂದ ಬಳಪ ಪಾಟಿಗೆ ಬಡಿಯುವ ಸಪ್ಪಳ. ಹುಡುಗಿ ಬೆಂಚು ಹತ್ತಿ ಇಳಿದು ಓಡಿ ಬಂದು ಪಾಟಿಯನ್ನು ನನ್ನ ಮುಖಕ್ಕೇ ಒತ್ತಿದಳು. ಒಂದು ಅಕ್ಷರ ದೊಡ್ಡದು, ಒಂದು ಸಣ್ಣದು, ಸಾಲು ಕೆಳಗೆ ಜಾರಿತ್ತು. "ಹಲಿ". ಕೆಳಗೆ ನಾಲ್ಕು ಕಾಲಿನ ಚಿತ್ರ ಶುರುವಾಗಿ, ಹೊತ್ತಿಲ್ಲವೆಂದು ಎರಡಕ್ಕೇ ನಿಂತಿತ್ತು.

ನಾನು ಓದಿದೆ. ಓದಿದ ಮೇಲೆ ಹೆದರಲು ಅಡ್ಡಿಯಿರಲಿಲ್ಲ. ನಾನು ಹಾರಿದ ಹಾರುವಿಕೆಗೆ ಕುರ್ಚಿ ಒಂದು ಕಡೆ, ಚಪ್ಪಲಿ ಒಂದು ಕಡೆ. ಹಲ್ಲಿಯೇ ಹೆದರಿ ಪಟದ ಹಿಂದೆ ಹೋಯಿತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ಉರುಳಾಡಿ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ಪಾಟಿ ತಿರುಗಿಸಿ ತಾನು ಬರೆದದ್ದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಮತ್ತೆ ಪಾಟಿ. ಸೊಟ್ಟ ಅಕ್ಷರವೊಂದು ಇಷ್ಟು ದೊಡ್ಡ ಮನುಷ್ಯನನ್ನು ಕುರ್ಚಿಯಿಂದ ಎಬ್ಬಿಸಿದ್ದನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಮರುದಿನ ಅವಳ ಪಾಟಿ ಬಂತು: "ಅಪ ಏನ ಬರದಾನ". ನಾನು ಒತ್ತಕ್ಷರವಿಲ್ಲದ ಮಾತು ಹುಡುಕಿ ಬರೆದೆ: "ನೀನು ಬರೆದರೆ ಇಲಿ ಇರು ಅಂತ." ಒತ್ತು ತಪ್ಪಿಸುವ ಭರದಲ್ಲಿ ಇಲ್ಲಿಯನ್ನು ಇಲಿ ಮಾಡಿದ್ದೆ, ಕಲಿಸುವವನ ಹಣೆಬರಹ. ಅವಳು ಬೆರಳಿಟ್ಟು, ತುಟಿಯಾಡಿಸಿ, ಬಹಳ ಹೊತ್ತು ಓದಿದಳು. ಆಮೇಲೆ ಬರೆದಳು: "ಇರತನಿ."

ಸೂಟಿಗೆ ಮುಂಚಿನ ಕೊನೆಯ ದಿನ ಪಾಲಕರ ಸಭೆ. ಮುಖ್ಯಾಧ್ಯಾಪಕಿ ಒಂದು ನಿಯಮ ಮಾಡಿದ್ದರು: ಮಗು ತನಗೆ ತೋಚಿದ್ದನ್ನು ಬರೆದು ಪಾಟಿಯನ್ನು ಬೋರಲು ಹಾಕಬೇಕು, ತಂದೆಯೋ ತಾಯಿಯೋ ಎತ್ತಿ ಎಲ್ಲರಿಗೂ ಕೇಳುವಂತೆ ಓದಬೇಕು. ಬೋರ್ಡಿಗೆ ಚಾದರ ಹಾಗೇ ಇತ್ತು. ನಾನು ಮೂಲೆಯಲ್ಲಿ ಕಿವುಡನ ಮುಖ ಮಾಡಿಕೊಂಡು ನಿಂತಿದ್ದೆ.

ಒಬ್ಬ ತಾಯಿ ಎತ್ತಿ ಓದಿದಳು: "ಅವ ಬಿಸಿ ರೊಟಿ ತಮಗ ಕೊಡತಾಳ." ತಮ್ಮನಿಗೆ ಎಂದು. "ನಿನಗೂ ಕೊಡ್ತೀನಲ್ಲೋ," ಎಂದು ಅಲ್ಲೇ ಜಗಳ ಶುರುವಾಯಿತು. ಡ್ರೈವರ್ ತಂದೆಯೊಬ್ಬ ಓ ಎಂದು ಉತ್ಸಾಹದಿಂದ ಎತ್ತಿ, "ಅಪ ಮಲಗಿದರ ಟರಕ ಬರತದ" ಎಂದು ಓದಿ, ಅದು ತನ್ನ ಗೊರಕೆ ಎಂದು ತಿಳಿಯುವ ಹೊತ್ತಿಗೆ ಉಳಿದವರು ಆಗಲೇ ನಗುತ್ತಿದ್ದರು. ಆಮೇಲೆ ದಿವಾಣಜಿಯವರು ಮಗಳ ಬೆಂಚಿನ ಹತ್ತಿರ ಬಂದರು. ಪಾಟಿ ಎತ್ತಿದರು. ಹುಬ್ಬು ಗಂಟಾಯಿತು. ಮಗಳ ಬರಹ ಮೊದಲು ಹೇಗಿತ್ತೆಂದು ಅವರಿಗೆ ಗೊತ್ತಿತ್ತಲ್ಲ. ಇಲ್ಲಿ ಸಾಲು ಏರಿಳಿದು, ಪಾಟಿಯ ಅಂಚಿಗೆ ಬಂದು ಮುಗ್ಗರಿಸಿ, ಪಕ್ಕಕ್ಕೆ ತಿರುಗಿ ಮೇಲಕ್ಕೆ ಹತ್ತಿತ್ತು. ಓದಲು ಅವರು ಪಾಟಿಯನ್ನೇ ತಿರುಗಿಸಬೇಕಾಯಿತು.

"ಸರಗ ಕಿವಿ ಕೇಳಸತದ," ಎಂದು ಓದಿ ನಿಲ್ಲಿಸಿದರು.

ನಾನು ಗೋಡೆಗೆ ಒರಗಿದೆ.

"ಹಲಿ ಬಂದ ದಿನ... ಕಾಲರ ಎತಿದರು. ನಾನು ಪಾಟಿ... ತೋರಸೂ ಮದಲ." ಅವರು ಪಾಟಿಯನ್ನು ಇನ್ನೊಂದು ಸುತ್ತು ತಿರುಗಿಸಿದರು. "ನಾ ಯಾರಿಗೂ ಹೇಳಿಲ."

ನಗು ಎಲ್ಲಿಂದ ಶುರುವಾಯಿತೋ ತಿಳಿಯದು. ಮುಖ್ಯಾಧ್ಯಾಪಕಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು. ಮಕ್ಕಳು ನಗಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಅಂದರೆ ಹಲ್ಲಿ ಬಂದಂದಿನಿಂದ ನನಗೆ ಕೇಳಿಸುತ್ತದೆಂದು ಗೊತ್ತಿದ್ದೇ ಹುಡುಗಿ ಬರೆದಿದ್ದಳು.

ದಿವಾಣಜಿಯವರು ಮಗಳಿಗೆ, "ಅಕ್ಷರ ಭಾಳ ಕೆಟ್ಟಾವಲ್ಲವ್ವ," ಅಂದರು.

"ಹೂಂ," ಅಂದಳು. "ಆದ್ರ ನೀ ಓದಿದಿ."

ಅವರು ಪಾಟಿ ಹಿಡಿದುಕೊಂಡೇ ನನ್ನ ಪಕ್ಕ ಹಾದುಹೋಗುತ್ತ, ಮುಖ ಬೇರೆ ಕಡೆ ಮಾಡಿ, ತುಟಿ ಬಿಚ್ಚಿಯೂ ಬಿಚ್ಚದ ಹಾಗೆ, ಬಹಳ ಮೆಲ್ಲಗೆ ಕೇಳಿದರು: "ಸೂಟಿ ಮುಗದ ಮ್ಯಾಲೆ ಸಾಲಿ ಯಾವತ್ತ ಸುರೂರಿ, ಸರ್?"

"ಸೋಮವಾರ್ರೀ," ಅಂದೆ.

ಅಂದಮೇಲೆ ನನಗೆ ಗೊತ್ತಾಯಿತು. ಇಡೀ ಒಂದನೇ ಇಯತ್ತೆ "ಕೇಳಸ್ತು, ಕೇಳಸ್ತು" ಎಂದು ಬೆಂಚು ಬಡಿಯುತ್ತ ಎದ್ದು ನಿಂತಿತು. ದಿವಾಣಜಿಯವರು ಏನೋ ಅಂದರು. ಅವರ ಬಾಯಿ ಆಡುವುದು ಮಾತ್ರ ಕಂಡಿತು. ಆ ಗದ್ದಲದಲ್ಲಿ, ದೇವರಾಣೆ, ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಕಿವಿಗೆ ಕೈ ಹಚ್ಚಿ ತೋರಿಸಿದೆ. ಅವರು ನಕ್ಕು, ಮಗಳ ಕೈಯಿಂದ ಬಳಪ ತೆಗೆದುಕೊಂಡು, ಅವಳ ಸೊಟ್ಟ ಸಾಲುಗಳ ನಡುವೆ ಉಳಿದಿದ್ದ ಜಾಗದಲ್ಲಿ ತಮ್ಮ ಕಡೆದಿಟ್ಟ ಅಕ್ಷರದಲ್ಲಿ ಏನೋ ಬರೆದು ನನ್ನ ಕಡೆ ಹಿಡಿದರು.

ನಾನು ಕನ್ನಡಕ ಹುಡುಕುತ್ತಿದ್ದೆ. ಹುಡುಗಿ ತಂದೆಯ ತೋಳಿನ ಕೆಳಗೆ ತಲೆ ತೂರಿಸಿ, ಒಂದೊಂದು ಅಕ್ಷರಕ್ಕೂ ಬೆರಳಿಟ್ಟು, ನನಗಿಂತ ಮುಂಚೆ ಓದಿಬಿಟ್ಟಳು.

"ಸೋ. ಮ. ವಾ. ರ. ಬ. ರ. ತಾ. ಳ."